ಸ್ವಂತಕ್ಕೊಂದು, ಕೆಲಸಕ್ಕೊಂದು: ಸಾಮಾಜಿಕ ಜಾಲತಾಣಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಜಿಲ್ಲಾ ಕೇಂದ್ರವೊಂದರ ಪದವಿ ಕಾಲೇಜಿನಲ್ಲಿ ಪ್ಲೇಸ್‌ಮೆಂಟ್ ನೋಡಿಕೊಳ್ಳುವುದು ನನ್ನ ಕೆಲಸ. ಕಾಮರ್ಸ್ ಪಾಠ ಮಾಡಿಕೊಂಡಿದ್ದವನ ತಲೆಗೆ ಇದನ್ನು ಹೆಚ್ಚುವರಿಯಾಗಿ ಕಟ್ಟಿದರು. ಈಗ ಪಾಠಕ್ಕಿಂತ ಇದೇ ಜಾಸ್ತಿ. ಫೈನಲ್ ಇಯರ್ ಮಕ್ಕಳು, ಅವರ ಅಪ್ಪ ಅಮ್ಮಂದಿರು, ಸಹೋದ್ಯೋಗಿಗಳು, ಮನೆಯಲ್ಲೇ ವ್ಯಾಪಾರ ಮಾಡುವ ಹೆಣ್ಣುಮಕ್ಕಳು, ಊರು ಬಿಟ್ಟು ಹೋದ ಹಳೆಯ ವಿದ್ಯಾರ್ಥಿಗಳು ಎಲ್ಲರೂ ಸುತ್ತಿ ಬಳಸಿ ಕೇಳುವುದು ಒಂದೇ: ಜಾಲತಾಣಗಳಲ್ಲಿ ಸ್ವಂತದ್ದನ್ನೂ ಕೆಲಸದ್ದನ್ನೂ ಹೇಗೆ ಬೇರೆ ಇಡುವುದು? ಪ್ರತಿ ಸಲ ಮೊದಲಿಂದ ಹೇಳುವ ಬದಲು ಇಲ್ಲಿ ಬರೆದಿಟ್ಟಿದ್ದೇನೆ. ಪ್ರಶ್ನೆಗಳು ಅವರವರ ಬಾಯಲ್ಲೇ ಇವೆ.

## ಮೊದಲು ಕೇಳುವವು

"ಸರ್, ಲಿಂಕ್ಡ್‌ಇನ್ ಅಂದ್ರೆ ಕೆಲಸದವರ ಫೇಸ್‌ಬುಕ್ ತಾನೆ?"

ಮೇಲುನೋಟಕ್ಕೆ ಹೌದು. ಆದರೆ ವಯಸ್ಸಿನಲ್ಲಿ ಲಿಂಕ್ಡ್‌ಇನ್ನೇ ಅಣ್ಣ. ಅದು ಜನರಿಗೆ ತೆರೆದದ್ದು 2003ರ ಮೇ ತಿಂಗಳಲ್ಲಿ. ಫೇಸ್‌ಬುಕ್ ಹಾರ್ವರ್ಡ್‌ನ ಹುಡುಗರ ನಡುವೆ ಶುರುವಾದದ್ದು 2004ರ ಫೆಬ್ರುವರಿಯಲ್ಲಿ.

ವ್ಯತ್ಯಾಸ ತಿಳಿಯಬೇಕಾದರೆ ಒಂದು ಸಣ್ಣ ಸಂಗತಿ ಗಮನಿಸಿ. ನಿಮ್ಮ ಪ್ರೊಫೈಲನ್ನು ಯಾರು ಬಂದು ನೋಡಿದರು ಎಂದು ಫೇಸ್‌ಬುಕ್ ಹೇಳುವುದಿಲ್ಲ, ಲಿಂಕ್ಡ್‌ಇನ್ ಹೇಳುತ್ತದೆ. ಫೇಸ್‌ಬುಕ್‌ನಲ್ಲಿ ಕದ್ದು ನೋಡುವುದು ಕುತೂಹಲ. ಲಿಂಕ್ಡ್‌ಇನ್‌ನಲ್ಲಿ ನಾಲ್ಕು ಜನ ಬಂದು ನೋಡಲಿ ಅಂತಲೇ ಅಂಗಡಿ ತೆರೆದಿರುತ್ತೀರಿ. ಒಂದರಲ್ಲಿ ಗುರುತಿನವರು ಬರುತ್ತಾರೆ, ಇನ್ನೊಂದರಲ್ಲಿ ಗುರುತಿಲ್ಲದವರು ಹುಡುಕಿಕೊಂಡು ಬರಬೇಕು. ನೋಡಿದ್ದು ತಿಳಿಯಬಾರದು ಅಂತಿದ್ದರೆ ಪ್ರೈವೇಟ್ ಮೋಡ್ ಇದೆ. ಆದರೆ ಉಚಿತ ಖಾತೆಯಲ್ಲಿ ಅದನ್ನು ಆನ್ ಮಾಡಿದರೆ ನಿಮ್ಮನ್ನು ಯಾರು ನೋಡಿದರು ಎಂಬುದೂ ನಿಮಗೆ ಕಾಣುವುದಿಲ್ಲ. ಕೊಟ್ಟು ತೆಗೆದುಕೊಳ್ಳುವ ವ್ಯವಹಾರ.

"ನಾನು ಒಬ್ಬನೇ ಮನುಷ್ಯ ಅಲ್ವಾ, ಎರಡು ಬೇರೆ ಬೇರೆ ಯಾಕೆ ಬೇಕು?"

ಮನುಷ್ಯ ಒಬ್ಬನೇ, ಮಾತು ಒಂದೇ ಅಲ್ಲ. ಅಜ್ಜಿಯ ಹತ್ತಿರ ಮಾತಾಡಿದ ಹಾಗೆ ಬ್ಯಾಂಕಿನ ಮ್ಯಾನೇಜರ್ ಹತ್ತಿರ ಮಾತಾಡುತ್ತೀರಾ? ನಮ್ಮ ಹಳೆಯ ಮನೆಗಳಲ್ಲಿ ಇದಕ್ಕೆ ಜಾಗವೇ ಬೇರೆ ಬೇರೆ ಇತ್ತು. ದಾರಿಹೋಕ, ಅಡಿಕೆ ವ್ಯಾಪಾರಿ, ಶಾನುಭೋಗರು ಜಗಲಿಯಲ್ಲಿ ಕೂರುತ್ತಿದ್ದರು. ನೆಂಟರು ನಡುಮನೆಗೆ ಬರುತ್ತಿದ್ದರು. ಅಡುಗೆಮನೆಗೆ ಕಾಲಿಡುವವರು ಬೆರಳೆಣಿಕೆಯ ಜನ. ಫೋನಿನಲ್ಲಿ ಗೋಡೆಗಳಿಲ್ಲ. ಸೋದರಮಾವ, ಹಳೆಯ ಟೀಮ್ ಲೀಡರ್, ಪಿಯುಸಿ ಗೆಳತಿ, ಮನೆ ಬಾಡಿಗೆಗೆ ಕೊಟ್ಟವರು ಎಲ್ಲರೂ ಒಂದೇ ಕೋಣೆಯಲ್ಲಿ ಕೂತು ನಿಮ್ಮ ಮಾತು ಕೇಳುತ್ತಿರುತ್ತಾರೆ.

ಹಾಗಾಗಿ ‘ಇದು ಸ್ವಂತದ ಆ್ಯಪ್, ಅದು ಕೆಲಸದ ಆ್ಯಪ್’ ಎಂದು ವಿಂಗಡಿಸುವುದನ್ನು ನಾನು ಬಿಟ್ಟು ಬಹಳ ದಿನವಾಯಿತು. ವಾಟ್ಸಾಪ್‌ನಲ್ಲಿ ಮನೆಯೂ ಇದೆ, ಆಫೀಸೂ ಇದೆ. ಕೇಳಬೇಕಾದದ್ದು ಒಂದೇ: ಇದನ್ನು ಕೇಳಿಸಿಕೊಳ್ಳುತ್ತಿರುವವರು ಯಾರು? ಮುಂದಿನ ಉತ್ತರಗಳೆಲ್ಲ ಹೆಚ್ಚುಕಡಿಮೆ ಇದರಿಂದಲೇ ಹೊರಟವು.

"ನಮ್ಮ ಆರ್ಕುಟ್ ಕಾಲದಲ್ಲಿ ಈ ತಲೆನೋವು ಇರ್ಲಿಲ್ವಲ್ಲ ಮಾರಾಯ್ರೆ?"

ಇತ್ತು, ನೋಡುವವರು ಇರಲಿಲ್ಲ ಅಷ್ಟೆ. 2004ರ ಜನವರಿಯಲ್ಲಿ ಹುಟ್ಟಿ 2014ರ ಸೆಪ್ಟೆಂಬರ್ 30ಕ್ಕೆ ಕಣ್ಣು ಮುಚ್ಚಿದ ಆರ್ಕುಟ್ ಜಾಲತಾಣದಲ್ಲಿ ಒಬ್ಬರಿಗೊಬ್ಬರು ಬರೆದ ಸ್ಕ್ರ್ಯಾಪ್‌ಗಳನ್ನು ಬೇರೆಯವರೂ ಓದುತ್ತಿದ್ದರು. ಸೈಬರ್ ಕೆಫೆಯಲ್ಲಿ ಗಂಟೆಗೆ ಇಷ್ಟು ಅಂತ ಕೊಟ್ಟು ನಾವೂ ಓದಿದ್ದೇವೆ. ಆದರೆ ಅಲ್ಲಿದ್ದವರೆಲ್ಲ ನಮ್ಮದೇ ವಯಸ್ಸಿನವರು. ಅಪ್ಪ ಇರಲಿಲ್ಲ, ಎಚ್‌ಆರ್ ಇರಲಿಲ್ಲ. ಗೆಳೆಯರು ನಮ್ಮನ್ನು ಹೊಗಳಿ ಬರೆಯುತ್ತಿದ್ದ ಟೆಸ್ಟಿಮೋನಿಯಲ್ ನೆನಪಿದೆಯೇ? ಲಿಂಕ್ಡ್‌ಇನ್‌ನ ರೆಕಮಂಡೇಶನ್ ಅದರದೇ ದಾಯಾದಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದೆ.

## ಕೆಲಸ ಹುಡುಕುವವರು ಕೇಳುವವು

"ಫೇಸ್‌ಬುಕ್ಕಲ್ಲಿ ಎರಡು ಸಾವಿರ ಫ್ರೆಂಡ್ಸ್ ಇದ್ದಾರೆ. ಅವರಲ್ಲೇ ಯಾರಾದ್ರೂ ಕೆಲಸ ಕೊಡಿಸಲ್ವಾ?"

ಕೊಡಿಸಬಹುದು, ಆದರೆ ನೀವು ಅಂದುಕೊಂಡವರಲ್ಲ. ದಿನಾ ಲೈಕ್ ಒತ್ತುವ ಹತ್ತಿರದ ಗೆಳೆಯನಿಗೆ ಗೊತ್ತಿರುವುದು ನಿಮಗೂ ಗೊತ್ತಿರುತ್ತದೆ. ಅವನೂ ನಿಮ್ಮ ಹಾಗೇ ಕೆಲಸ ಹುಡುಕುತ್ತಿರುತ್ತಾನೆ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲೇ ಇದನ್ನು ಹೇಳಿದ್ದರು: ಹೊಸ ಸುದ್ದಿ ತರುವವರು ಆಪ್ತರಲ್ಲ, ಮುಖಪರಿಚಯದವರು. ಲಿಂಕ್ಡ್‌ಇನ್‌ನ ಸುಮಾರು 2 ಕೋಟಿ ಬಳಕೆದಾರರ 5 ವರ್ಷಗಳ ಮಾಹಿತಿ ಇಟ್ಟುಕೊಂಡು ಮಾಡಿದ ಅಧ್ಯಯನವೊಂದು 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಅದರ ಫಲಿತಾಂಶವೂ ಇದೇ ದಿಕ್ಕಿನದು, ಒಂದು ತಿದ್ದುಪಡಿಯೊಂದಿಗೆ. ತೀರಾ ಹತ್ತಿರದವರಿಂದಲೂ ಅಲ್ಲ, ಏನೇನೂ ಸಂಬಂಧವಿಲ್ಲದವರಿಂದಲೂ ಅಲ್ಲ. ಅಷ್ಟಿಷ್ಟು ಪರಿಚಯ, ಕೆಲವರು ಸಮಾನ ಸ್ನೇಹಿತರು ಇರುವವರಿಂದ ಹೊಸ ಕೆಲಸಕ್ಕೆ ಹೆಚ್ಚು ನೆರವಾಗುತ್ತದೆ.

ನಮ್ಮ ಬಿಬಿಎ ಹುಡುಗನೊಬ್ಬನಿಗೆ ಕೆಲಸದ ಸುಳಿವು ಕೊಟ್ಟದ್ದು ಎನ್‌ಎಸ್‌ಎಸ್ ಕ್ಯಾಂಪಿನಲ್ಲಿ ಏಳು ದಿನ ಜೊತೆಗಿದ್ದು ಆಮೇಲೆ ಮಾತೇ ಆಡದ ಇನ್ನೊಂದು ಕಾಲೇಜಿನ ಹುಡುಗಿ. ಅವಳನ್ನು ಫೇಸ್‌ಬುಕ್‌ನಲ್ಲಿ ಹುಡುಕಿ ಮೆಸೇಜ್ ಮಾಡಿದ್ದರೆ ಅವಳು ಬೇರೆಯೇ ಅರ್ಥ ಮಾಡಿಕೊಳ್ಳುತ್ತಿದ್ದಳೇನೋ. ಲಿಂಕ್ಡ್‌ಇನ್‌ನಲ್ಲಿ ಹಾಗೆ ಕೇಳುವುದು ಸಹಜ. ವೃತ್ತಿಯ ಜಾಲತಾಣ ಕೊಡುವ ದೊಡ್ಡ ಸವಲತ್ತು ಇದೇ ಎಂದು ನನಗನ್ನಿಸುತ್ತದೆ: ಸಂಕೋಚವಿಲ್ಲದೆ ಅಪರಿಚಿತರನ್ನು ಮಾತಾಡಿಸುವ ಪರವಾನಗಿ.

"ಹೆಡ್‌ಲೈನಲ್ಲಿ ಏನು ಬರೀಲಿ? ಎಲ್ಲರೂ ‘ಆಸ್ಪೈರಿಂಗ್ ಪ್ರೊಫೆಷನಲ್’ ಅಂತ ಹಾಕಿದ್ದಾರೆ."

ಎಲ್ಲರೂ ಹಾಕಿದ್ದಾರೆ ಅನ್ನುವುದೇ ಹಾಕದಿರಲು ಸಾಕು ಕಾರಣ. ಲಿಂಕ್ಡ್‌ಇನ್‌ನಲ್ಲಿ ಹೆಸರಿನ ಕೆಳಗೆ ಕಾಣುವ ಈ ಸಾಲಿಗೆ 220 ಅಕ್ಷರ ಕೊಡುತ್ತಾರೆ. ಕಳೆದ ಬ್ಯಾಚಿನ ಹುಡುಗಿಯೊಬ್ಬಳು ಇದೇ ಎರಡು ಪದ ಬರೆದು ಸುಮ್ಮನೆ ಕೂತಿದ್ದಳು. "ರಜದಲ್ಲಿ ಏನು ಮಾಡ್ತೀಯಮ್ಮ?" ಅಂದೆ. "ಏನಿಲ್ಲ ಸರ್, ಮಾವನ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೀತೀನಿ" ಅಂದಳು. ಎರಡು ಸೀಸನ್ ಬರೆದಿದ್ದಾಳೆ, ಟ್ಯಾಲಿ ಎಂಬ ಲೆಕ್ಕದ ಸಾಫ್ಟ್‌ವೇರಿನಲ್ಲಿ, ಜಿಎಸ್‌ಟಿ ರಿಟರ್ನ್ ಸಮೇತ! ಅದನ್ನು ‘ಏನಿಲ್ಲ’ ಅನ್ನುತ್ತಾಳೆ. ಅಲ್ಲೇ ಕೂರಿಸಿ ಬದಲಾಯಿಸಿದೆವು: ‘ಬಿ.ಕಾಂ. ಪದವೀಧರೆ, ಟ್ಯಾಲಿ ಮತ್ತು ಜಿಎಸ್‌ಟಿ ರಿಟರ್ನ್ಸ್, ಅಡಿಕೆ ಸಗಟು ವ್ಯಾಪಾರದ ಲೆಕ್ಕದಲ್ಲಿ ಎರಡು ಸೀಸನ್ ಅನುಭವ’. ಇಂಗ್ಲಿಷಿನಲ್ಲಿ ಬರೆದೆವು, ವಿಷಯ ಇದೇ.

ಗುರುತಿಲ್ಲದವರಿಗೆ ಕನೆಕ್ಷನ್ ಕೇಳುವಾಗ ಎರಡು ಸಾಲಿನ ಟಿಪ್ಪಣಿ ಸೇರಿಸಿ. ಉಚಿತ ಖಾತೆಗೆ ಇಂಥ ಟಿಪ್ಪಣಿ ತಿಂಗಳಿಗೆ ಕೆಲವೇ ಸಿಗುವುದರಿಂದ ಕಂಡಕಂಡವರಿಗೆ ಖರ್ಚು ಮಾಡಬೇಡಿ. ‘ರೆಸ್ಪೆಕ್ಟೆಡ್ ಸರ್, ಐ ಆ್ಯಮ್ ಇನ್ ನೀಡ್ ಆಫ್ ಜಾಬ್’ ಅನ್ನುವ ಬದಲು ಅವರ ಯಾವ ಕೆಲಸ ನೋಡಿ ಬರೆಯುತ್ತಿದ್ದೀರಿ ಎಂದು ಹೇಳಿ.

"ಪ್ರೊಫೈಲ್ ಫೋಟೊಗೆ ಅಕ್ಕನ ಮದುವೆದು ಹಾಕಿದ್ರೆ ಏನಾಗುತ್ತೆ?"

ಏನೂ ಆಗುವುದಿಲ್ಲ. ಭುಜದ ಮೇಲೆ ಇನ್ಯಾರದೋ ಕೈ ಉಳಿದುಕೊಂಡಿರುತ್ತದೆ, ಅಷ್ಟೆ. ಹಗಲು ಹೊತ್ತು ಕಿಟಕಿಗೆ ಮುಖ ಮಾಡಿ ನಿಂತು ಗೆಳೆಯನ ಕೈಲಿ ಒಂದು ಫೋಟೊ ತೆಗೆಸಿಕೊಳ್ಳಿ. ಎರಡು ನಿಮಿಷದ ಕೆಲಸ.

"ಅಲ್ಲಿ ಕನ್ನಡದಲ್ಲಿ ಬರೆದ್ರೆ ಕೀಳಾಗಿ ನೋಡ್ತಾರಾ ಸರ್?"

ನೋಡುವವರು ನೋಡಲಿ. ಪ್ರೊಫೈಲು ಇಂಗ್ಲಿಷಿನಲ್ಲಿರಲಿ, ಯಾಕೆಂದರೆ ಕಂಪನಿಯವರು ಹುಡುಕುವ ಪದಗಳು ಇಂಗ್ಲಿಷಿನವು. ಅವು ಅಲ್ಲಿಲ್ಲದಿದ್ದರೆ ನೀವು ಸಿಗುವುದೇ ಇಲ್ಲ. ಪೋಸ್ಟಿನ ಮಾತು ಬೇರೆ. ಹನಿ ನೀರಾವರಿ, ಸಹಕಾರ ಸಂಘ, ಸರ್ಕಾರಿ ಶಾಲೆ, ಕನ್ನಡದ ಗ್ರಾಹಕರು ಇವುಗಳ ಜೊತೆ ನಿಮ್ಮ ಕೆಲಸವಿದ್ದರೆ ಕನ್ನಡದಲ್ಲಿ ಬರೆದದ್ದೇ ನಿಮ್ಮ ಅರ್ಹತೆಯ ಸಾಕ್ಷಿ. ಇಂಗ್ಲಿಷ್ ಬರುವುದಿಲ್ಲವೆಂದು ಕನ್ನಡದಲ್ಲಿ ಬರೆಯುವುದಕ್ಕೂ ಕನ್ನಡದ ಓದುಗರಿಗಾಗಿ ಬರೆಯುವುದಕ್ಕೂ ವ್ಯತ್ಯಾಸ ಎರಡು ಸಾಲು ಓದಿದರೆ ಗೊತ್ತಾಗುತ್ತದೆ.

"ಕಂಪನಿಯವರು ನಮ್ಮ ಇನ್‌ಸ್ಟಾಗ್ರಾಂ ಎಲ್ಲ ತೆಗೆದು ನೋಡ್ತಾರಂತೆ, ಹೌದಾ?"

ಎಲ್ಲರೂ ನೋಡುವುದಿಲ್ಲ. ನೋಡುವವರು ನಿಮಗೆ ಹೇಳಿ ನೋಡುವುದಿಲ್ಲ. ಗೋವಾ ಟ್ರಿಪ್ಪಿನ ಫೋಟೊಗೆ ಕೆಲಸ ಹೋಗುತ್ತದೆಂದು ಹೆದರಬೇಕಿಲ್ಲ. ನಾನು ಮಾತಾಡಿಸಿದ ಎಚ್‌ಆರ್‌ಗಳು ತಲೆ ಕೆಡಿಸಿಕೊಳ್ಳುವುದು ಬೇರೆ ಎರಡಕ್ಕೆ. ಹಳೆಯ ಕೆಲಸದ ಜಾಗವನ್ನು ಬೈದು ಬರೆದದ್ದು, ಜಾತಿ-ಧರ್ಮ-ಹೆಣ್ಣುಮಕ್ಕಳ ಬಗ್ಗೆ ಬಾಯಿಗೆ ಬಂದಂತೆ ಕಾಮೆಂಟ್ ಹಾಕಿದ್ದು.

ಸಂದರ್ಶನಕ್ಕೆ ಮುಂಚೆ ಒಂದು ಸಂಜೆ ಇದಕ್ಕೆ ಇಡಿ. ಲಾಗಿನ್ ಆಗದೆ ಇನ್‌ಕಾಗ್ನಿಟೊ ಕಿಟಕಿಯಲ್ಲಿ ನಿಮ್ಮ ಹೆಸರನ್ನು ಊರಿನ ಹೆಸರಿನ ಜೊತೆ ಹುಡುಕಿ. ಫೇಸ್‌ಬುಕ್‌ನಲ್ಲಿ ಹಳೆಯ ಸಾರ್ವಜನಿಕ ಪೋಸ್ಟ್‌ಗಳನ್ನೆಲ್ಲ ಒಂದೇ ಸಲಕ್ಕೆ ‘ಸ್ನೇಹಿತರಿಗೆ ಮಾತ್ರ’ ಮಾಡುವ ಆಯ್ಕೆ ಪ್ರೈವೆಸಿ ಸೆಟ್ಟಿಂಗ್ಸ್‌ನಲ್ಲಿದೆ. ಇನ್‌ಸ್ಟಾಗ್ರಾಂ ಖಾತೆ ಪ್ರೈವೇಟ್ ಮಾಡಿ. ಬೇರೆಯವರ ಪೋಸ್ಟಿನ ಕೆಳಗೆ ನೀವು ಬರೆದದ್ದು ಮಾತ್ರ ನಿಮ್ಮ ಸೆಟ್ಟಿಂಗಿಗೆ ಬಗ್ಗುವುದಿಲ್ಲ. ಅದನ್ನು ಒಂದೊಂದಾಗಿ ಹುಡುಕಿ ಅಳಿಸಬೇಕು.

"ದಿನಕ್ಕೆ ಹತ್ತು ವಿಡಿಯೊ ಲೈಕ್ ಮಾಡಿದ್ರೆ ಮೂರು ಸಾವಿರ ಅಂತ ವಾಟ್ಸಾಪ್ ಬಂದಿದೆ. ಸೇರಲಾ?"

ಬೇಡ. ಮೊದಲು ನೂರೈವತ್ತು ರೂಪಾಯಿ ನಿಜವಾಗಿಯೂ ಹಾಕುತ್ತಾರೆ, ಆಮೇಲೆ ಟೆಲಿಗ್ರಾಂ ಗುಂಪಿಗೆ ಕರೆದು ‘ಟಾಸ್ಕ್’ಗೆ ನಿಮ್ಮಿಂದಲೇ ದುಡ್ಡು ಹಾಕಿಸುತ್ತಾರೆ. ಕೆಲಸ ಕೊಡುವವರು ಸಂಬಳ ಕೊಡುತ್ತಾರೆ, ಡಿಪಾಸಿಟ್ ಕೇಳುವುದಿಲ್ಲ. ದುಡ್ಡು ಹೋಗಿದ್ದರೆ ನಾಚಿಕೆ ಪಡುತ್ತ ಕೂರದೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಮೊದಲ ಕೆಲವು ಗಂಟೆಗಳಲ್ಲಿ ಹೇಳಿದರೆ ಹಣವನ್ನು ಬ್ಯಾಂಕಿನಲ್ಲೇ ತಡೆಹಿಡಿಯುವ ಸಾಧ್ಯತೆ ಹೆಚ್ಚು.

## ಕೆಲಸದಲ್ಲಿರುವವರು ಕೇಳುವವು

"ಬಾಸ್ ಫೇಸ್‌ಬುಕ್ಕಲ್ಲಿ ರಿಕ್ವೆಸ್ಟ್ ಕಳಿಸಿದ್ದಾರೆ. ಒಪ್ಪಿದ್ರೆ ಕಷ್ಟ, ಬಿಟ್ರೆ ಇನ್ನೂ ಕಷ್ಟ."

ಒಪ್ಪಿ, ಆಮೇಲೆ ಅವರನ್ನು ‘ರಿಸ್ಟ್ರಿಕ್ಟೆಡ್’ ಪಟ್ಟಿಗೆ ಸೇರಿಸಿ. ಸ್ನೇಹಿತರ ಪಟ್ಟಿಯಲ್ಲಿ ಅವರ ಹೆಸರು ಇರುತ್ತದೆ, ಕಾಣುವುದು ಮಾತ್ರ ನೀವು ಸಾರ್ವಜನಿಕವಾಗಿ ಹಾಕಿದ್ದು, ಅವರನ್ನು ಟ್ಯಾಗ್ ಮಾಡಿದ್ದು. ಸೇರಿಸಿದ ಸುದ್ದಿ ಅವರಿಗೆ ಹೋಗುವುದಿಲ್ಲ. ಜಗಲಿಯಲ್ಲಿ ಕೂರಿಸಿ ಕಾಫಿ ಕೊಟ್ಟ ಹಾಗೆ. ವಾಟ್ಸಾಪ್ ಸ್ಟೇಟಸ್‌ಗೂ ‘ಇಂಥವರನ್ನು ಬಿಟ್ಟು’ ಎಂಬ ಆಯ್ಕೆ ಇದೆ. ಹುಷಾರಿಲ್ಲ ಅಂತ ರಜೆ ಹಾಕಿ ಜೋಗಕ್ಕೆ ಹೋಗುವವರು ಇದನ್ನು ಎರಡು ಸಲ ಓದಿಕೊಳ್ಳಿ.

"ಆಫೀಸ್ ಗ್ರೂಪಿಗೆ ತಪ್ಪಿ ಏನೋ ಹೋಗ್ಬಿಡ್ತು. ಈಗೇನು ಮಾಡೋದು?"

ಅನುಭವಸ್ಥನ ಹತ್ತಿರವೇ ಕೇಳಿದ್ದೀರಿ. ನಾಲ್ಕೈದು ವರ್ಷದ ಹಿಂದೆ ಮಧ್ಯಾಹ್ನ ನನ್ನ ಹೆಂಡತಿಗೆ ಅಂತ ಒಂದು ವಾಯ್ಸ್ ಮೆಸೇಜ್ ಕಳಿಸಿದೆ: "ಮೂಲಂಗಿ ಸೊಪ್ಪು ಬಿಸಾಡಬೇಡ, ಸಂಜೆ ಪಲ್ಯ ಮಾಡೋಣ. ಇವರ ಮೀಟಿಂಗು ಇವತ್ತೂ ಮುಗಿಯೋ ಲಕ್ಷಣ ಇಲ್ಲ." ಹೋಗಿದ್ದು ನಲವತ್ತಮೂರು ಜನರಿದ್ದ ಸ್ಟಾಫ್ ಗ್ರೂಪಿಗೆ. ಗಾಬರಿಯಲ್ಲಿ ಅಳಿಸಿದೆ. ಒತ್ತಿದ್ದು ‘ನನಗೆ ಮಾತ್ರ ಅಳಿಸು’. ನನ್ನ ಫೋನಿನಿಂದ ಹೋಯಿತು, ಉಳಿದ ನಲವತ್ತೆರಡು ಫೋನುಗಳಲ್ಲಿ ಭದ್ರವಾಗಿ ಉಳಿಯಿತು. ಇನ್ನು ಅಳಿಸಲು ನನಗೇ ಕಾಣುತ್ತಿಲ್ಲ! ಆ ದಿನ ಮೀಟಿಂಗ್ ಮುಗಿಸುವಾಗ ಪ್ರಿನ್ಸಿಪಾಲರು, "ಹೊರಡಿ ಮೇಷ್ಟ್ರೆ, ಸೊಪ್ಪು ಬಾಡೀತು" ಅಂದರು. ಅವರು ಹಾಗಂದು ನಕ್ಕದ್ದಕ್ಕೆ ಬಚಾವಾದೆ.

ಈಗ ಹಾಗೆ ತಪ್ಪಿ ಒತ್ತಿದರೆ ಹಿಂದಕ್ಕೆ ಪಡೆಯಲು ಐದು ಸೆಕೆಂಡ್ ಕೊಡುತ್ತಾರೆ. ‘ಎಲ್ಲರಿಗೂ ಅಳಿಸು’ ಎಂಬುದು ಎರಡು ದಿನಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ನಡೆಯುತ್ತದೆ. ಗುಂಪಿನ ಅಡ್ಮಿನ್ ಯಾರ ಮೆಸೇಜನ್ನಾದರೂ ಅಳಿಸಬಲ್ಲರು, ಅವರ ಕಾಲು ಹಿಡಿಯಬಹುದು. ಎರಡು ಸಿಮ್ ಇರುವವರಿಗೆ ಬೇರು ಮಟ್ಟದ ಪರಿಹಾರವಿದೆ: 2023ರ ಅಕ್ಟೋಬರ್‌ನಿಂದ ಆಂಡ್ರಾಯ್ಡ್ ಫೋನಿನ ಒಂದೇ ವಾಟ್ಸಾಪ್‌ನಲ್ಲಿ ಎರಡು ನಂಬರ್ ಇಟ್ಟುಕೊಳ್ಳುವ ಸೌಲಭ್ಯ ಬಂತು. ಮನೆಯವರು ಒಂದರಲ್ಲಿ, ಕಾಲೇಜು ಇನ್ನೊಂದರಲ್ಲಿ.

"ನಾನು ಸರ್ಕಾರಿ ನೌಕರ. ನನ್ನ ಸ್ವಂತ ಫೋನು, ಸ್ವಂತ ಡೇಟಾ, ಸ್ವಂತ ಅಭಿಪ್ರಾಯ. ಬರೀಬಾರದಾ?"

ಫೋನು ನಿಮ್ಮದು, ಹುದ್ದೆಯೂ ನಿಮ್ಮ ಜೊತೆಗೇ ಬರುತ್ತದೆ. ರಾಜ್ಯದ ನೌಕರರಿಗೆ 2021ರ ನಡತೆ ನಿಯಮಗಳಿವೆ, ಕೇಂದ್ರದವರಿಗೆ 1964ರವು. ಸರ್ಕಾರದ ನೀತಿಯನ್ನು ಬಹಿರಂಗವಾಗಿ ಟೀಕಿಸುವುದು, ರಾಜಕೀಯ ಪಕ್ಷದ ಕೆಲಸದಲ್ಲಿ ಭಾಗವಹಿಸುವುದು, ಕಚೇರಿಯ ಮಾಹಿತಿ ಹೊರಹಾಕುವುದು ಇವೆಲ್ಲ ನಿಷಿದ್ಧ. ಪ್ರೊಫೈಲಿನಲ್ಲಿ ‘ಅಭಿಪ್ರಾಯಗಳು ವೈಯಕ್ತಿಕ’ ಎಂದು ಬರೆದುಕೊಂಡರೆ ಅದು ಮಂತ್ರವಾಗಿ ಕಾಯುವುದಿಲ್ಲ.

ಹಾಗೆಂದು ಬಾಯಿಗೆ ಬೀಗ ಹಾಕಿಕೊಳ್ಳಬೇಕೆಂದೂ ಅಲ್ಲ. ಫೇಸ್‌ಬುಕ್ ಪೋಸ್ಟಿನ ಕಾರಣಕ್ಕೆ ಇಲಾಖಾ ಕ್ರಮ ಎದುರಿಸಿದ ನೌಕರರೊಬ್ಬರ ಪ್ರಕರಣದಲ್ಲಿ 2020ರ ಜನವರಿಯಲ್ಲಿ ತ್ರಿಪುರಾ ಹೈಕೋರ್ಟ್, ಸರ್ಕಾರಿ ನೌಕರರಿಗೂ ತಮ್ಮ ರಾಜಕೀಯ ನಂಬಿಕೆ ಇಟ್ಟುಕೊಳ್ಳುವ, ನಡತೆ ನಿಯಮಗಳ ಮಿತಿಯೊಳಗೆ ಹೇಳುವ ಹಕ್ಕಿದೆ ಎಂದಿತು. ಆದರೆ ಆ ತೀರ್ಪು ಪಡೆಯಲು ಅವರು ಹೈಕೋರ್ಟ್‌ವರೆಗೆ ಹೋಗಬೇಕಾಯಿತು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಕ್ರಿಮಿನಲ್ ಕೇಸಿನ ಭಯದಿಂದ ಕೇಳುವವರಿಗೆ: ಆಕ್ಷೇಪಾರ್ಹ ಪೋಸ್ಟಿಗೆ ಜೈಲಿಗೆ ಹಾಕಬಹುದಾಗಿದ್ದ ಐಟಿ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದೇ ರದ್ದು ಮಾಡಿದೆ. ಮಾನನಷ್ಟ, ದ್ವೇಷ ಭಾಷಣದ ಕಾನೂನುಗಳು ಹಾಗೇ ಇವೆ.

"ವಿದ್ಯಾರ್ಥಿಗಳು ಇನ್‌ಸ್ಟಾಗ್ರಾಂನಲ್ಲಿ ಫಾಲೋ ರಿಕ್ವೆಸ್ಟ್ ಕಳಿಸ್ತಾರೆ. ಏನ್ಮಾಡ್ಲಿ ಅಂತ ಕೇಳಿದ್ರೆ ಎಲ್ಲರೂ ನಗ್ತಾರೆ."

ನಗುವ ವಿಷಯವಲ್ಲ. ಓದು ಮುಗಿಯುವ ತನಕ ಬೇಡ, ಮುಗಿದ ಮೇಲೆ ಲಿಂಕ್ಡ್‌ಇನ್‌ಗೆ ಬರಲಿ. ಇದು ನಾನು ಇಟ್ಟುಕೊಂಡ ಕಟ್ಟಳೆ. ಒಬ್ಬರನ್ನು ಒಪ್ಪಿ ಇನ್ನೊಬ್ಬರನ್ನು ಬಿಟ್ಟರೆ ಆ ಲೆಕ್ಕ ಇಂಟರ್ನಲ್ ಮಾರ್ಕ್ಸ್‌ವರೆಗೆ ಹೋಗುತ್ತದೆ. ಪಾಠದ ವಿಚಾರಕ್ಕೆ ತರಗತಿಯ ಗುಂಪು ಸಾಕು. ಅದರಲ್ಲಿ ಇನ್ನೊಬ್ಬ ಅಧ್ಯಾಪಕರೂ ಇರಲಿ.

"ಕೆಲಸ ಬದಲಾಯಿಸೋ ಯೋಚನೆ ಇದೆ. ಈಗಿನ ಮ್ಯಾನೇಜರ್‌ಗೆ ವಾಸನೆ ಬಡೀಬಾರದು."

ಹಾಗಾದರೆ ಲಿಂಕ್ಡ್‌ಇನ್‌ನಲ್ಲಿ ಫೋಟೊದ ಸುತ್ತ ಕೆಲಸ ಹುಡುಕುತ್ತಿದ್ದೇನೆ ಎಂದು ಸಾರುವ ಹಸಿರು ಪಟ್ಟಿ ಹಾಕಬೇಡಿ. ‘ಓಪನ್ ಟು ವರ್ಕ್’ನಲ್ಲಿ ‘ರಿಕ್ರೂಟರ್‌ಗಳಿಗೆ ಮಾತ್ರ’ ಎಂಬ ಆಯ್ಕೆ ಇದೆ. ನಿಮ್ಮದೇ ಕಂಪನಿಯ ರಿಕ್ರೂಟರ್‌ಗಳಿಗೆ ಕಾಣದಂತೆ ಲಿಂಕ್ಡ್‌ಇನ್ ಪ್ರಯತ್ನಿಸುತ್ತದೆ, ಖಾತರಿ ಕೊಡುವುದಿಲ್ಲ. ಎರಡನೆಯದು, ಪ್ರೊಫೈಲ್ ತಿದ್ದುವ ಮುಂಚೆ ಬದಲಾವಣೆಗಳನ್ನು ಸಂಪರ್ಕದವರಿಗೆ ತಿಳಿಸುವ ಸೆಟ್ಟಿಂಗ್ ಆಫ್ ಮಾಡಿ. ಮೂರು ವರ್ಷ ಮುಟ್ಟದ ಪ್ರೊಫೈಲು ಒಂದೇ ರಾತ್ರಿ ಥಳಥಳ ಹೊಳೆದರೆ ಯಾರಿಗಾದರೂ ಅನುಮಾನ ಬರುತ್ತದೆ. ವರ್ಷಪೂರ್ತಿ ಚೂರು ಚೂರೇ ತಿದ್ದುತ್ತಿರುವವರ ಮೇಲೆ ಯಾರ ಕಣ್ಣೂ ಬೀಳುವುದಿಲ್ಲ.

"ನಾನು ಡಾಕ್ಟರ್, ತಮ್ಮ ಲಾಯರ್. ನಾವೂ ಪೇಜ್ ಮಾಡಿ ಪ್ರಚಾರ ಮಾಡಬಹುದಾ?"

ಬೇಕರಿಯವರು ಮಾಡಿದ ಹಾಗೆ ಮಾಡುವಂತಿಲ್ಲ. ವೈದ್ಯರಿಗೆ 2002ರ ವೃತ್ತಿ ನಡತೆ ನಿಯಮಗಳು ರೋಗಿಗಳನ್ನು ಸೆಳೆಯುವ ಜಾಹೀರಾತನ್ನು ತಡೆಯುತ್ತವೆ. ಕ್ಲಿನಿಕ್ ಶುರುವಾಯಿತು, ವಿಳಾಸ ಬದಲಾಯಿತು ಎಂಬಂಥ ಪ್ರಕಟಣೆಗೆ ಅಡ್ಡಿಯಿಲ್ಲ. ಸಾಮಾಜಿಕ ಜಾಲತಾಣಗಳ ಬಗ್ಗೆಯೇ ಸೂಚನೆಗಳಿದ್ದ ಹೊಸ ನಿಯಮಗಳನ್ನು 2023ರ ಆಗಸ್ಟ್‌ನಲ್ಲಿ ತಂದು, ಅದೇ ತಿಂಗಳು ತಡೆಹಿಡಿದರು. ವಕೀಲರಿಗೆ ಬಾರ್ ಕೌನ್ಸಿಲ್‌ನ 36ನೇ ನಿಯಮ ಅಡ್ಡ ಬರುತ್ತದೆ. 2008ರ ತಿದ್ದುಪಡಿಯಿಂದ ವೆಬ್‌ಸೈಟಿನಲ್ಲಿ ಹೆಸರು, ವಿಳಾಸ, ನೋಂದಣಿ, ವಿದ್ಯಾರ್ಹತೆ, ಯಾವ ವಿಷಯದಲ್ಲಿ ವಕಾಲತ್ತು ಎಂಬಿಷ್ಟನ್ನು ಹಾಕಬಹುದು. ಇಬ್ಬರೂ ತಿಳಿವಳಿಕೆ ಹಂಚಬಹುದು. ಡೆಂಗಿ ಬಂದಾಗ ಏನು ಮಾಡಬೇಕು ಎಂದು ಹೇಳುವುದು ಸರಿ, ‘ನಮ್ಮಲ್ಲೇ ಬನ್ನಿ’ ಅನ್ನುವುದು ತಪ್ಪು. ರೋಗಿಯ ಎಕ್ಸ್‌ರೇಯನ್ನು ಹೆಸರು ಮುಚ್ಚಿ ಹಾಕಿದೆ ಅನ್ನುವವರು ಒಂದು ನೆನಪಿಡಿ, ಚಿಕ್ಕ ಊರಲ್ಲಿ ಯಾರ ಕಾಲು ಮುರಿದಿದೆ ಅಂತ ಎಲ್ಲರಿಗೂ ಗೊತ್ತಿರುತ್ತದೆ.

## ಮನೆಯಿಂದಲೇ ವ್ಯಾಪಾರ ಮಾಡುವವರು ಕೇಳುವವು

"ಚಕ್ಕುಲಿ, ಕೋಡುಬಳೆ ಮಾರ್ತೀನಿ. ನನ್ನ ವಾಟ್ಸಾಪ್ ನಂಬರೇ ಸಾಕಲ್ವಾ ಅಣ್ಣ?"

ಶುರುವಿಗೆ ಸಾಕು, ಬೆಳೆದ ಮೇಲೆ ಸಾಲದು. ರಾತ್ರಿ ಹನ್ನೊಂದಕ್ಕೆ ಯಾರೋ ‘ಅರ್ಧ ಕೆಜಿ ಎಷ್ಟು’ ಅಂತ ಕೇಳುತ್ತಾರೆ, ನೀವು ಆನ್‌ಲೈನ್ ಇರುವುದು ಅವರಿಗೆ ಕಾಣುತ್ತದೆ, ಉತ್ತರ ಕೊಡದಿದ್ದರೆ ಮುನಿಸು. ನಿಮ್ಮ ಮಗಳ ಸೀಮಂತದ ಸ್ಟೇಟಸ್ಸನ್ನು ಒಂದೇ ಸಲ ಕೋಡುಬಳೆ ಕೊಂಡವರೂ ನೋಡುತ್ತಾರೆ.

2018ರ ಜನವರಿಯಲ್ಲಿ ಬಂದ ವಾಟ್ಸಾಪ್ ಬಿಸಿನೆಸ್ ಬೇರೆಯೇ ಆ್ಯಪ್, ಉಚಿತ. ಇನ್ನೊಂದು ಸಿಮ್ ಹಾಕಿ ಅದೇ ಫೋನಿನಲ್ಲಿ ನಡೆಸಬಹುದು. ಫೋಟೊ, ಬೆಲೆ ಹಾಕಿಟ್ಟ ಕ್ಯಾಟಲಾಗ್ ಇರುತ್ತದೆ. ‘ಈಗ ಅಂಗಡಿ ಮುಚ್ಚಿದೆ, ಬೆಳಿಗ್ಗೆ ಒಂಬತ್ತಕ್ಕೆ ಉತ್ತರಿಸುತ್ತೇನೆ’ ಎಂದು ತಾನಾಗಿ ಹೋಗುವ ಸಂದೇಶ ಇಡಬಹುದು. ‘ದುಡ್ಡು ಬಂದಿದೆ’, ‘ಬಾಕಿ’ ಎಂದು ಲೇಬಲ್ ಅಂಟಿಸಬಹುದು. ಹಬ್ಬದ ಮುಂಚೆ ಎಲ್ಲರಿಗೂ ಒಂದೇ ಸಲ ಕಳಿಸಲು ಬ್ರಾಡ್‌ಕಾಸ್ಟ್ ಪಟ್ಟಿ ಮಾಡುವವರು ಒಂದು ಮರೆಯುತ್ತಾರೆ: ಒಂದು ಪಟ್ಟಿಗೆ 256 ಜನ, ಮತ್ತು ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಆದ್ದರಿಂದ ಪೊಟ್ಟಣದ ಮೇಲೆ ‘ಈ ನಂಬರ್ ಸೇವ್ ಮಾಡಿಕೊಳ್ಳಿ’ ಎಂದು ಚೀಟಿ ಅಂಟಿಸಿ.

"ಇನ್‌ಸ್ಟಾಗ್ರಾಂ ಖಾತೇನ ಪ್ರೊಫೆಷನಲ್ ಮಾಡು ಅಂತ ಅದೇ ಹೇಳ್ತಾ ಇರುತ್ತೆ. ಮಾಡ್ಲಾ?"

ಮನೆಯ ಫೋಟೊಗಳಿರುವ ಖಾತೆಯನ್ನು ಮಾಡಬೇಡಿ. ಪ್ರೊಫೆಷನಲ್ ಖಾತೆಯನ್ನು ಪ್ರೈವೇಟ್ ಆಗಿ ಇಡಲಾಗುವುದಿಲ್ಲ; ಮಾಡಿದ ಕ್ಷಣ ಮಗುವಿನ ಸ್ನಾನದ ವಿಡಿಯೊವೂ ಬೀದಿಗೆ ಬರುತ್ತದೆ. ವ್ಯಾಪಾರಕ್ಕೆ ಹೊಸ ಖಾತೆ ತೆರೆಯಿರಿ. ಬಿಸಿನೆಸ್ ಖಾತೆಗೆ ಜನಪ್ರಿಯ ಹಾಡುಗಳು ಅಷ್ಟಾಗಿ ಸಿಗುವುದಿಲ್ಲ, ಅದು ಹಕ್ಕುಸ್ವಾಮ್ಯದ ತೊಡಕು. ಬಾಣಲೆಯಲ್ಲಿ ಚಕ್ಕುಲಿ ಬೇಯುವ ಸದ್ದೇ ಸಾಕು ಬಿಡಿ, ಅದಕ್ಕಿಂತ ಒಳ್ಳೆಯ ಸಂಗೀತ ಬೇಕೆ?

"ಇದೇನು ದೊಡ್ಡ ಅಂಗಡೀನಾ? ಇದಕ್ಕೂ ಲೈಸೆನ್ಸು, ಟ್ಯಾಕ್ಸು ಅಂತಾರೆ!"

ಸ್ವಂತದ ಬಳಕೆ ವ್ಯಾಪಾರವಾಗುವ ಗಡಿ ಆ್ಯಪಿನಲ್ಲಿ ಕಾಣುವುದಿಲ್ಲ, ಬ್ಯಾಂಕ್ ಖಾತೆಯಲ್ಲಿ ಕಾಣುತ್ತದೆ. ತಿನ್ನುವ ವಸ್ತು ಮಾರುವವರಿಗೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಬೇಕೇ ಬೇಕು. ಸಣ್ಣವರಿಗೆ ಅದರ ಶುಲ್ಕ ವರ್ಷಕ್ಕೆ ನೂರು ರೂಪಾಯಿ ಮಾತ್ರ. ಜಿಎಸ್‌ಟಿ ನೋಂದಣಿ ಕರ್ನಾಟಕದಲ್ಲಿ ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷದ ವಹಿವಾಟು ದಾಟಿದಾಗ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಬಂದು ಎಷ್ಟು ಗದ್ದಲವಾಯಿತು ನೋಡಿದಿರಲ್ಲ. ಅಣ್ಣ ಕಳಿಸಿದ ದುಡ್ಡು, ಚೀಟಿ ದುಡ್ಡು, ಕೋಡುಬಳೆ ದುಡ್ಡು ಎಲ್ಲ ಒಂದೇ ಕ್ಯೂಆರ್ ಕೋಡಿಗೆ ಬಿದ್ದಿದ್ದರೆ ಯಾವುದು ಯಾವುದು ಅಂತ ಬಿಡಿಸಿ ಹೇಳುವುದೇ ದೊಡ್ಡ ಪಾಡು. ಬೇರೆ ಖಾತೆ, ಬೇರೆ ಕೋಡ್ ಇಟ್ಟುಕೊಳ್ಳಿ.

"ಅಂಗಡಿಯವರು ಸೀರೆ ಫ್ರೀ ಕೊಟ್ರು, ಉಟ್ಟು ರೀಲ್ಸ್ ಮಾಡ್ದೆ. ಫ್ರೀ ಅಂತ ಹೇಳ್ಲೇಬೇಕಾ?"

ಹೇಳಲೇಬೇಕು. ಜಾಹೀರಾತು ಮಾನದಂಡಗಳ ಮಂಡಳಿಯ (ಎಎಸ್‌ಸಿಐ) ಸೂಚನೆಗಳು 2021ರಿಂದ, ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯವು 2023ರ ಜನವರಿಯಿಂದ ಇವೆ. ದುಡ್ಡು ಕೊಟ್ಟರೆ ಮಾತ್ರ ಜಾಹೀರಾತಲ್ಲ, ಪುಕ್ಕಟೆ ಸೀರೆಯೂ ಲೆಕ್ಕಕ್ಕೆ ಬರುತ್ತದೆ. ‘ಜಾಹೀರಾತು’ ಎಂಬ ಪದ ಮೊದಲೇ ಎದ್ದು ಕಾಣಬೇಕು, ಇಪ್ಪತ್ತು ಹ್ಯಾಷ್‌ಟ್ಯಾಗ್‌ಗಳ ನಡುವೆ ಅಡಗಿಸಬಾರದು. ನೋಡುವವರು ನಿಮ್ಮನ್ನು ಅಕ್ಕ ಅಂತ ನಂಬಿ ನೋಡುತ್ತಿದ್ದಾರೆ, ಅಂಗಡಿಯವಳು ಅಂತಲ್ಲ. ದುಡಿಯುತ್ತಿರುವುದು ಆ ನಂಬಿಕೆಯೇ.

## ಸಿಕ್ಕು ಬಿದ್ದವು

"ನನ್ನ ಸೀಕ್ರೆಟ್ ಇನ್‌ಸ್ಟಾ ಖಾತೆ ಆಫೀಸಿನವರಿಗೆ ‘ನಿಮಗೆ ಗೊತ್ತಿರಬಹುದು’ ಅಂತ ತೋರಿಸಿದೆ. ಹೇಗೆ?"

ಫೋನ್ ನಂಬರಿನಿಂದ. ನೀವು ಗುಟ್ಟಾಗಿ ಇಟ್ಟರೂ ನಿಮ್ಮ ನಂಬರ್ ಇರುವ ಸಹೋದ್ಯೋಗಿ ತನ್ನ ಕಾಂಟ್ಯಾಕ್ಟ್ಸ್ ಪಟ್ಟಿಯನ್ನು ಆ್ಯಪಿಗೆ ಕೊಟ್ಟಿದ್ದರೆ ಅಲ್ಲಿ ಗಂಟು ಬೀಳುತ್ತದೆ. ಬೀಗ ನಿಮ್ಮ ಮನೆಗೆ, ಕೀಲಿಕೈ ಪಕ್ಕದ ಮನೆಯಲ್ಲಿ. ಆ ಖಾತೆಗೆ ಬೇರೆ ಇಮೇಲ್ ಕೊಡಿ, ಕೆಲಸದ ನಂಬರ್ ತೆಗೆಯಿರಿ, ಕಾಂಟ್ಯಾಕ್ಟ್ ಸಿಂಕ್ ಆಫ್ ಮಾಡಿ, ಬೇರೆಯವರಿಗೆ ನಿಮ್ಮ ಖಾತೆ ಸೂಚಿಸುವ ಆಯ್ಕೆ ಸಿಕ್ಕರೆ ಅದನ್ನೂ ಆಫ್ ಮಾಡಿ. ಇಷ್ಟೆಲ್ಲ ಮಾಡಿಯೂ ‘ಯಾರಿಗೂ ಗೊತ್ತಾಗಲ್ಲ’ ಎಂಬ ಧೈರ್ಯದಲ್ಲಿ ಅಲ್ಲಿ ಏನನ್ನೂ ಬರೆಯಬೇಡಿ.

"ಅಮೆರಿಕದ ವೀಸಾಗೆ ಹಾಕ್ತಿದ್ದೀನಿ. ಖಾತೆ ಡಿಲೀಟ್ ಮಾಡ್ಲಾ, ಪ್ರೈವೇಟ್ ಮಾಡ್ಲಾ?"

ಇಷ್ಟು ಹೊತ್ತು ಹೇಳಿದ್ದಕ್ಕೆಲ್ಲ ಉಲ್ಟಾ ಉತ್ತರ ಇಲ್ಲಿದೆ. 2019ರ ಮೇ ಕೊನೆಯಿಂದ ಅಮೆರಿಕದ ವೀಸಾ ಅರ್ಜಿಯಲ್ಲಿ ಕಳೆದ 5 ವರ್ಷಗಳಲ್ಲಿ ಬಳಸಿದ ಜಾಲತಾಣಗಳ ಹೆಸರು, ಯೂಸರ್‌ನೇಮ್ ಕೇಳುತ್ತಾರೆ. 2025ರ ಜೂನ್‌ನಲ್ಲಿ ಎಫ್, ಎಂ, ಜೆ ವರ್ಗದ ವಿದ್ಯಾರ್ಥಿ ಮತ್ತು ವಿನಿಮಯ ವೀಸಾದವರು ಖಾತೆಗಳನ್ನು ಸಾರ್ವಜನಿಕ ಮಾಡಬೇಕೆಂದರು. ಅದೇ ವರ್ಷದ ಡಿಸೆಂಬರ್ 15ರಿಂದ ಕೆಲಸದ ವೀಸಾ ಎಚ್-1ಬಿ, ಅವರ ಕುಟುಂಬದವರ ಎಚ್-4 ಅರ್ಜಿದಾರರಿಗೂ ಅದನ್ನೇ ವಿಸ್ತರಿಸಿದರು. ಇದ್ದ ಖಾತೆಯನ್ನು ಇಲ್ಲ ಎಂದು ಬರೆದರೆ ಅದೇ ದೊಡ್ಡ ತಪ್ಪಾಗುತ್ತದೆ. ಅರ್ಜಿ ಹಾಕುವ ಮುಂಚೆ ರಾಯಭಾರ ಕಚೇರಿಯ ಸೂಚನೆಯನ್ನೊಮ್ಮೆ ಓದಿ, ಈ ನಿಯಮಗಳು ಬದಲಾಗುತ್ತಿರುತ್ತವೆ. ಡಲ್ಲಾಸ್‌ಗೆ ಹೊರಟ ನಮ್ಮ ಹಳೆಯ ವಿದ್ಯಾರ್ಥಿನಿಗೆ ಇದರಲ್ಲಿ ಕಷ್ಟವಾದದ್ದು ರಾಜಕೀಯ ಪೋಸ್ಟಿನಿಂದಲ್ಲ. ಲಿಂಕ್ಡ್‌ಇನ್‌ನಲ್ಲಿ ಕೆಲಸ ಸೇರಿದ ತಿಂಗಳು ಒಂದು, ಅರ್ಜಿಯಲ್ಲಿ ಇನ್ನೊಂದು ಇತ್ತು. ಎರಡನ್ನೂ ಎದುರಿಗಿಟ್ಟುಕೊಂಡು ತಾಳೆ ನೋಡಿ.

"ನಮ್ಮ ಸಂಘದ ಪೇಜು ಹಳೆಯ ಕಾರ್ಯದರ್ಶಿ ಹತ್ರ ಇದೆ, ಅವರು ಕೊಡ್ತಾ ಇಲ್ಲ."

ಸಂಘಗಳಲ್ಲಿ ನಡೆಯುವ ಮಾಮೂಲಿ ಮಹಾಭಾರತ. ಫೇಸ್‌ಬುಕ್ ಪೇಜ್ ಸಂಘದ್ದಾದರೂ ಅದರ ಹಿಂದೆ ಯಾರದೋ ಸ್ವಂತ ಖಾತೆ ಅಡ್ಮಿನ್ ಆಗಿರಲೇಬೇಕು. ಆ ಒಬ್ಬರು ಮುನಿಸಿಕೊಂಡರೆ, ಪಾಸ್‌ವರ್ಡ್ ಮರೆತರೆ, ತೀರಿಕೊಂಡರೆ ಪೇಜು ಅಲ್ಲಿಗೇ ನಿಲ್ಲುತ್ತದೆ. ನನಗೆ ಗೊತ್ತಿರುವ ಒಂದು ಸಂಘದ ಪೇಜಿನಲ್ಲಿ ಮೂರು ವರ್ಷದ ಹಿಂದಿನ ರಾಜ್ಯೋತ್ಸವದ ಬ್ಯಾನರ್ ಇವತ್ತಿಗೂ ‘ಎಲ್ಲರಿಗೂ ಆದರದ ಸ್ವಾಗತ’ ಎಂದು ಕರೆಯುತ್ತಿದೆ. ಬೇರೆ ದಾರಿಯಿಲ್ಲ, ಹಿರಿಯರೊಬ್ಬರನ್ನು ಕರೆದುಕೊಂಡು ಅವರ ಮನೆಗೆ ಹೋಗಿ ಕೂತು ಮಾತಾಡಿ. ಹೊಸ ಪೇಜ್ ಮಾಡುವಾಗ ಮೊದಲ ದಿನವೇ ಇಬ್ಬರಿಗೆ ಪೂರ್ತಿ ಅಧಿಕಾರ ಕೊಟ್ಟು, ಅದನ್ನು ಸಭೆಯ ನಡಾವಳಿಯಲ್ಲಿ ಬರೆಸಿಬಿಡಿ.

"ಮನೆ, ಮಕ್ಕಳು, ಹಟ್ಟಿ, ಹೊಲ ಎಲ್ಲ ತೋರಿಸೇ ಲಕ್ಷ ಲಕ್ಷ ಫಾಲೋವರ್ಸ್ ಮಾಡ್ಕೊಂಡೋರು ಇದ್ದಾರಲ್ಲ ಸರ್? ನೀವು ಬೇರೆ ಬೇರೆ ಇಡಿ ಅಂತೀರಿ."

ಇದ್ದಾರೆ, ಅವರಲ್ಲಿ ಕೆಲವರನ್ನು ನಾನೂ ಇಷ್ಟಪಟ್ಟು ನೋಡುತ್ತೇನೆ. ಆದರೆ ಗಮನವಿಟ್ಟು ನೋಡಿ: ಅವರು ತೋರಿಸುವ ಮನೆ ಪೂರ್ತಿ ಮನೆಯಲ್ಲ. ರೊಟ್ಟಿ ತಟ್ಟುವುದು ಕಾಣುತ್ತದೆ, ಸಾಲದ ಪತ್ರ ಕಾಣುವುದಿಲ್ಲ. ಎಮ್ಮೆ ಕರೆಯುವುದು ಕಾಣುತ್ತದೆ, ಅಣ್ಣತಮ್ಮಂದಿರ ಪಾಲಿನ ಜಗಳ ಕಾಣುವುದಿಲ್ಲ. ಅವರು ಅಡುಗೆಮನೆಯಂತೆ ಕಾಣುವ ಇನ್ನೊಂದು ಜಗಲಿ ಕಟ್ಟಿಕೊಂಡಿದ್ದಾರೆ, ಅದು ಜಾಣತನ. ನನಗೆ ಚಿಂತೆ ಆಗುವುದು ಅದರಲ್ಲಿರುವ ಮಕ್ಕಳದ್ದು. ಆರು ವರ್ಷದ ಹುಡುಗಿ ಅತ್ತದ್ದನ್ನು ಊರೆಲ್ಲ ನೋಡಿ ನಕ್ಕಿದೆ. ಅವಳು ಹದಿನಾಲ್ಕು ವರ್ಷ ಬಿಟ್ಟು ಫೈನಲ್ ಇಯರ್‌ಗೆ ಬಂದು ನನ್ನಂಥವನ ಎದುರು ಕೂತಾಗ ಅವಳ ಹೆಸರು ಹುಡುಕಿದರೆ ಮೊದಲು ಬರುವುದು ಅದೇ. ಅವಳನ್ನು ಯಾರೂ ಕೇಳಿರಲಿಲ್ಲ.

"ಎಲ್ಲರಿಗೂ ಹೇಳ್ತೀರಲ್ಲ, ನೀವು ಎಲ್ಲೆಲ್ಲಿ ಇದ್ದೀರಿ ಸರ್?"

ವಾಟ್ಸಾಪ್‌ನಲ್ಲಿ ಎರಡು ನಂಬರ್. ಕಾಲೇಜಿನದನ್ನು ಸಂಜೆ ಏಳಕ್ಕೆ ಮ್ಯೂಟ್ ಮಾಡುತ್ತೇನೆ, ಅಡ್ಮಿಷನ್ ತಿಂಗಳಲ್ಲಿ ಮಾತ್ರ ಆಗುವುದಿಲ್ಲ. ಲಿಂಕ್ಡ್‌ಇನ್‌ನಲ್ಲಿ ಹಳೆಯ ವಿದ್ಯಾರ್ಥಿಗಳೇ ತುಂಬಿದ್ದಾರೆ, ಯಾರಿಗೆ ಕೆಲಸ ಸಿಕ್ಕಿತು ಎಂದು ನನಗೆ ತಿಳಿಯುವುದು ಈಗ ಅಲ್ಲೇ. ಫೇಸ್‌ಬುಕ್‌ನಲ್ಲಿ ನೆಂಟರ ಹುಟ್ಟುಹಬ್ಬ, ಊರಿನ ತೇರು. ಇನ್‌ಸ್ಟಾಗ್ರಾಂನಲ್ಲಿ ನಾನಿಲ್ಲ. ಮಗಳಿದ್ದಾಳೆ. ಖಾತೆ ಪ್ರೈವೇಟ್. ನಾನು ರಿಕ್ವೆಸ್ಟ್ ಕಳಿಸಿಲ್ಲ. ಕಳಿಸಿದರೆ ಒಪ್ಪಿಕೊಂಡು ರಿಸ್ಟ್ರಿಕ್ಟ್ ಮಾಡುತ್ತಾಳೆ ಎಂದು ಗೊತ್ತು, ಹೇಳಿಕೊಟ್ಟವನು ನಾನೇ.